ಅಪ್‌ಡೇಟ್: ಜಾಡಿಯ ಲೆಟ್ಯೂಸ್ ಮತ್ತೆ ಹಸಿರಾಯ್ತು

ಮಣ್ಣಿಲ್ಲದೆ, ಬರೀ ಗೊಬ್ಬರದ ನೀರಲ್ಲಿ ಮನೆಯೊಳಗೆ ಬೆಳೆಸ್ತಿರೋ ಲೆಟ್ಯೂಸ್ ಹಳದಿಯಾಗ್ತಿದೆ, ಗಾಜಿನ ಜಾಡಿಯಲ್ಲಿ ಪಾಚಿ ಕಟ್ಟಿದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಪಿಎಚ್ ನೋಡಿ ಅಂದವರ ಮಾತೇ ನಿಜವಾಯ್ತು. 7.5 ದಾಟಿತ್ತು. ಅಷ್ಟಿದ್ದರೆ ನೀರಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸರಿಯಾಗಿ ಸಿಗಲ್ಲ, ಅದಕ್ಕೇ ಎಳೆ ಎಲೆಗಳಲ್ಲಿ ನರ ಮಾತ್ರ ಹಸಿರಾಗಿ ಉಳಿದು ಮಿಕ್ಕದ್ದೆಲ್ಲ ಬಿಳಿಚಿಕೊಂಡಿದ್ದು. ನೀರು ಬದಲಿಸಿ 6ಕ್ಕೆ ಇಳಿಸಿದೆ. ಆಮೇಲೆ ಬಂದ ಚಿಗುರು ಒಳ್ಳೆ ಹಸಿರು. ಜಾಡಿಗೆ ಕಪ್ಪು ಕಾಗದ ಸುತ್ತಿದ ಮೇಲೆ ಪಾಚಿಯೂ ಬೆಳೆದಿಲ್ಲ.

ಏರ್ ಪಂಪ್ ಬೇಕೇ ಬೇಕು ಅಂದವರಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಇಂಥ ಸಣ್ಣ ಜಾಡಿಯಲ್ಲಿ ನೀರು ಇಳಿದಂತೆ ಮೇಲೆ ಖಾಲಿಯಾಗುವ ಜಾಗದಲ್ಲೇ ಬೇರಿಗೆ ಗಾಳಿ ಸಿಗುತ್ತೆ, ಸುಮ್ನೆ ಆ ಗುರ್ ಗುರ್ ಸದ್ದು ಯಾಕೆ? ಹೊರಗಿನ ಎಲೆ ಕಿತ್ತು ತಿನ್ನೋಕೆ ಶುರು ಮಾಡಿದ್ದೇವೆ.