ಸಣ್ಣ ಲಾರಿ ಆಫೀಸು, ಸೈಬರ್ ಕಳ್ಳರಿಂದ ಕಾಪಾಡಿಕೊಳ್ಳೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಶಿರಸಿಯಲ್ಲಿ ನಮ್ಮದು ಸಣ್ಣ ಟ್ರಾನ್ಸ್‌ಪೋರ್ಟ್. ಅಡಿಕೆ, ಕಾಳುಮೆಣಸು ಉತ್ತರದ ಕಡೆ ಹೋಗುತ್ತೆ, ಬರುವಾಗ ಸಿಕ್ಕಿದ ಲೋಡು. ಮೊನ್ನೆ ಪಕ್ಕದ ವಖಾರಿಯವರ ಕಂಪ್ಯೂಟರ್ ಪೂರ್ತಿ ಲಾಕ್ ಆಯ್ತು, ದುಡ್ಡು ಕೊಟ್ಟರೆ ಬಿಡಿಸ್ತೇವೆ ಅಂತ ಸ್ಕ್ರೀನ್ ಮೇಲೆ ಬರಹ. ನಮ್ಮಲ್ಲಿ ಅಪ್ಪ, ನಾನು, ಒಬ್ಬ ಗುಮಾಸ್ತರು, ಒಂದು ಕಂಪ್ಯೂಟರು. ಐಟಿಯವರನ್ನು ಇಟ್ಟುಕೊಳ್ಳೋ ಶಕ್ತಿ ಇಲ್ಲ. ಮೊದಲು ಏನು ಮಾಡಬೇಕು?

ಅಂಕೋಲಾ, ಲಾರಿ ಮಾಲೀಕ:
ಕಂಪ್ಯೂಟರಿಗಿಂತ ಮೊದಲು ಡ್ರೈವರ್‌ಗಳ ಮೊಬೈಲ್ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ‘ಆರ್‌ಟಿಒ ಚಲನ್’ ಅಂತ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಇನ್‌ಸ್ಟಾಲ್ ಆಗೋ ಫೈಲ್) ಬರುತ್ತೆ. ಇನ್‌ಸ್ಟಾಲ್ ಮಾಡಿ ಎಸ್ಸೆಮ್ಮೆಸ್ ಓದೋಕೆ ಅನುಮತಿ ಕೊಟ್ಟರೆ ಓಟಿಪಿ ಎಲ್ಲ ಕಳ್ಳರ ಕೈಗೆ. ನಿಜವಾಗಿ ದಂಡ ಬಿದ್ದಿದ್ದರೆ ಪರಿವಾಹನ್ ಇ-ಚಲನ್ ತಾಣದಲ್ಲೇ ಗಾಡಿ ನಂಬರ್ ಹಾಕಿ ನೋಡಬಹುದು. ಇನ್ನೊಂದು ಮಾತು, ತಪ್ಪಿ ಒತ್ತಿದ ಡ್ರೈವರ್‌ಗೆ ಬಯ್ಯಬೇಡಿ. ಬೈತಾರೆ ಅಂತ ಹೆದರಿದವನು ಬಾಯಿ ಬಿಡೋದಿಲ್ಲ, ಅಷ್ಟರಲ್ಲಿ ದುಡ್ಡು ಕೈ ಬದಲಾಗಿರುತ್ತೆ. ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಖಾತೆ ತಡೆಹಿಡಿಸೋ ಅವಕಾಶ ಇರುತ್ತೆ.

ಶಿರಸಿ, ಅಡಿಕೆ ವ್ಯಾಪಾರಿ:
ತಮ್ಮಾ, ನಮ್ಮ ದಂಧೆಯಲ್ಲಿ ಕಂಪ್ಯೂಟರ್ ಒಳಗೆ ನುಗ್ಗೋರಿಗಿಂತ ನಂಬಿಕೆ ಒಳಗೆ ನುಗ್ಗೋರೇ ಹೆಚ್ಚು. ಒಂದು ಸಲ ನಮ್ಮ ಖರೀದಿದಾರರಿಗೆ ನಮ್ಮ ಹೆಸರಲ್ಲೇ ಮೇಲ್ ಹೋಗಿತ್ತು. ಬಿಲ್ ಅದೇ, ಚೀಲದ ಲೆಕ್ಕ ಅದೇ, ರಾಶಿ ಅಡಿಕೆ ಎಷ್ಟು ಚಾಲಿ ಅಡಿಕೆ ಎಷ್ಟು ಅನ್ನೋದೂ ಸರಿ. ಬ್ಯಾಂಕ್ ಖಾತೆ ಮಾತ್ರ ಬೇರೆ. ಅವರು ಮೇಲ್‌ನಲ್ಲಿದ್ದ ನಂಬರ್ ಬಿಟ್ಟು ತಮ್ಮ ಡೈರಿಯಲ್ಲಿದ್ದ ಹಳೇ ನಂಬರಿಗೆ ಫೋನ್ ಮಾಡಿದ್ದರಿಂದ ದುಡ್ಡು ಉಳಿಯಿತು. ಅವತ್ತಿನಿಂದ ನಮ್ಮಲ್ಲಿ ಒಂದೇ ಕಟ್ಟಳೆ: ಖಾತೆ ಬದಲಾಯ್ತು, ಲಾರಿ ಬದಲಾಯ್ತು, ಇಳಿಸೋ ಜಾಗ ಬದಲಾಯ್ತು ಅಂತ ಯಾರೇ ಹೇಳಲಿ, ಹಳೇ ನಂಬರಿಗೆ ನಾವೇ ಫೋನ್ ಮಾಡಿ ಕೇಳದೆ ಹೆಜ್ಜೆ ಮುಂದಿಡೋದಿಲ್ಲ. ಅಪ್ಪನೇ ಮೆಸೇಜ್ ಹಾಕಿದರೂ ಅಷ್ಟೇ.

ಲೋಡು ಮಾಡುವ ಮುಂಚೆ ಆರ್‌ಸಿ, ಡ್ರೈವರ್ ಲೈಸೆನ್ಸ್ ನೋಡಿ, ಚಾಸಿಸ್ ನಂಬರ್ ಗಾಡಿ ಮೇಲೇ ಓದಿ ತಾಳೆ ಹಾಕಿ. ನಂಬರ್ ಪ್ಲೇಟ್ ಯಾರು ಬೇಕಾದರೂ ಬರೆಸ್ತಾರೆ.

ನಮ್ಮ ಜಿಲ್ಲೆಗೇ ಇರುವ ತೊಂದರೆ ಘಟ್ಟ. ದೇವಿಮನೆ, ಅರಬೈಲ್ ಇಳಿಯುವಾಗ ಎಷ್ಟೋ ಕಡೆ ಸಿಗ್ನಲ್ ಇಲ್ಲ. ‘ಲಾರಿ ಕೆಟ್ಟು ನಿಂತಿದೆ, ಡ್ರೈವರ್ ಫೋನ್ ಸತ್ತಿದೆ, ಈ ನಂಬರಿಗೆ ದುಡ್ಡು ಹಾಕಿ’ ಅಂದರೆ ಖಾತ್ರಿ ಮಾಡಿಕೊಳ್ಳೋದು ಹೇಗೆ? 2024ರ ಜುಲೈನಲ್ಲಿ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗಿನ ಗಾಬರಿ ನೆನಪಿರಬೇಕು. ಅಂಥ ಹೊತ್ತೇ ಕಳ್ಳರಿಗೆ ಬೇಕಾದ್ದು. ಹಾಗಾಗಿ ಹೊರಡುವ ಮುಂಚೆ ಪ್ರತಿ ಡ್ರೈವರ್ ಜೊತೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಯಾರ ಫೋನಿಂದ ಮಾಡಿದರೂ ಆ ಮಾತು ಹೇಳಿದರೆ ಮಾತ್ರ ದುಡ್ಡು.

ಕಾರವಾರ, ಬಂದರಿನ ಕೆಲಸ:
‘ನಾವು ಸಣ್ಣವರು, ನಮ್ಮನ್ನು ಯಾರು ಕೇಳ್ತಾರೆ’ ಅನ್ನೋದನ್ನು ಮನಸ್ಸಿಂದ ತೆಗೆದುಹಾಕಿ. 2017ರ ಜೂನ್‌ನಲ್ಲಿ ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಅಪ್‌ಡೇಟ್ ಮೂಲಕ ಹೊರಬಿದ್ದ ನಾಟ್‌ಪೆಟ್ಯಾ ಅನ್ನೋ ವೈರಸ್, ಮರ್ಸ್ಕ್ ಹಡಗು ಕಂಪನಿಯನ್ನು ಮಲಗಿಸಿತು. ಮುಂಬೈ ಹತ್ತಿರದ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್‌ಗೂ ಅದರ ಬಿಸಿ ತಟ್ಟಿತು. ದಾಳಿ ಅವರ ಮೇಲೆ ಮಾಡಿದ್ದೇ ಅಲ್ಲ. ಬ್ರಿಟನ್ನಿನ ಕೆಎನ್‌ಪಿ ನಿಮ್ಮ ಹಾಗೇ ಲಾರಿ ಕಂಪನಿ, 158 ವರ್ಷ ಹಳೆಯದು. 2023ರಲ್ಲಿ ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಬಿದ್ದು ಮುಚ್ಚಿಯೇ ಹೋಯ್ತು, ಸುಮಾರು 700 ಜನರ ಕೆಲಸ ಹೋಯ್ತು. ಒಂದು ದುರ್ಬಲ ಪಾಸ್‌ವರ್ಡ್ ಊಹಿಸಿ ಒಳಗೆ ಬಂದರು ಅಂತ ನಂಬಲಾಗಿದೆ.

ನೀವು ಮಾಡಬೇಕಾದ್ದು ದೊಡ್ಡ ಖರ್ಚಿನದ್ದಲ್ಲ. ಟ್ಯಾಲಿ ಲೆಕ್ಕ, ಬಿಲ್ಟಿ (ಲಾರಿ ರಸೀದಿ), ಪಾರ್ಟಿಗಳ ಪಟ್ಟಿ, ಇಷ್ಟನ್ನೂ ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಸರದಿ ಪ್ರಕಾರ ತೆಗೆದಿಡಿ. ಕಾಪಿ ಆದ ತಕ್ಷಣ ಡಿಸ್ಕ್ ಕಳಚಿ ಮನೆಗೆ ಒಯ್ಯಿ. ಸಿಕ್ಕಿಸಿಯೇ ಬಿಟ್ಟ ಡಿಸ್ಕ್ ಕಂಪ್ಯೂಟರ್ ಜೊತೆಗೇ ಲಾಕ್ ಆಗುತ್ತೆ. ಆಗಾಗ ಆ ಕಾಪಿಯನ್ನು ಬೇರೆ ಕಂಪ್ಯೂಟರಲ್ಲಿ ತೆರೆದೂ ನೋಡಿ. ರಿಪೇರಿಯವರು ದೂರದಿಂದ ಸರಿ ಮಾಡೋಕೆ ಹಾಕಿದ ಆ್ಯಪನ್ನು ಕೆಲಸ ಮುಗಿದ ಮೇಲೆ ತೆಗೆಸಿ. ಖಾಲಿ ಬಿಲ್ಟಿ ಪುಸ್ತಕ, ಪಾರ್ಟಿಗಳ ಫೋನ್ ನಂಬರ್ ಕಾಗದದಲ್ಲಿ ಇರಲಿ. ಪರದೆ ಕಪ್ಪಾದ ದಿನವೂ ಲಾರಿ ಹೊರಡಬೇಕು.

ಕುಮಟಾ, ಜಿಎಸ್‌ಟಿ ಕೆಲಸ:
ಸರಕು ಸಾಗಿಸೋಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾಡೋ ಇ-ವೇ ಬಿಲ್ ಬಗ್ಗೆ ಯಾರೂ ಹೇಳಲಿಲ್ಲ. 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆ ಓಟಿಪಿ) ಕಡ್ಡಾಯ. ಆದರೆ ಎಷ್ಟೋ ಆಫೀಸಲ್ಲಿ ಓಟಿಪಿ ಯಜಮಾನರ ಫೋನಿಗೆ ಬರುತ್ತೆ, ಗುಮಾಸ್ತರು ಫೋನ್ ಮಾಡಿ ಕೇಳ್ತಾರೆ. ಓಟಿಪಿ ಬಾಯಲ್ಲಿ ಹೇಳೋ ಅಭ್ಯಾಸ ಬೆಳೆಯೋದೇ ಹೀಗೆ, ನಾಳೆ ಕಳ್ಳ ಕೇಳಿದರೂ ಹೇಳ್ತಾರೆ. ಗುಮಾಸ್ತರಿಗೆ ಅವರದ್ದೇ ಮೊಬೈಲ್ ನಂಬರಿನ ಸಬ್-ಯೂಸರ್ (ಬೇರೆ ಲಾಗಿನ್) ಮಾಡಿಕೊಡಿ. ಅವರು ಕೆಲಸ ಬಿಟ್ಟ ದಿನವೇ ಅದನ್ನು ನಿಲ್ಲಿಸಿ. ನಿಮ್ಮ ಜಿಎಸ್‌ಟಿ ನಂಬರ್ ಹಾಕಿ ಬೇರೆಯವರು ಮಾಡಿದ ಬಿಲ್ ಪೋರ್ಟಲ್‌ನಲ್ಲೇ ಕಾಣುತ್ತೆ. ಸರಕು ಪಡೆಯೋರಾಗಿ ನಿಮ್ಮ ಹೆಸರಿದ್ದು, ಅದು ನಿಮ್ಮದಲ್ಲದಿದ್ದರೆ 72 ಗಂಟೆಯೊಳಗೆ ತಿರಸ್ಕರಿಸಬಹುದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಪಕ್ಕದ ವಖಾರಿಯವರು ಈಗ ಏನು ಮಾಡಬೇಕು? ಫಾರ್ಮ್ಯಾಟ್ ಹೊಡೆಸ್ತೇನೆ ಅಂತಿದ್ದಾರೆ.

ಕಾರವಾರ, ಬಂದರಿನ ಕೆಲಸ:
ಬೇಡ ಅನ್ನಿ. ನೆಟ್ ಕೇಬಲ್ ಕೀಳಲಿ, ವೈಫೈ ಆರಿಸಲಿ, ಸ್ಕ್ರೀನಿನ ಫೋಟೊ ತೆಗೆಯಲಿ. ಕಾರವಾರದ ಸಿಇಎನ್ (ಸೈಬರ್ ಅಪರಾಧ ನೋಡಿಕೊಳ್ಳೋ) ಪೊಲೀಸ್ ಠಾಣೆಯಲ್ಲಿ ದೂರು ಕೊಡಲಿ. ಸಂಸ್ಥೆಗಳು ಇಂಥದ್ದನ್ನು 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರಿಂದ ನಿಯಮವೂ ಇದೆ. ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಲಾಕ್‌ಗೆ ಪುಕ್ಕಟೆ ಕೀಲಿ ಸಿಗುತ್ತೆ, ದುಡ್ಡಿನ ಮಾತಿಗೆ ಮುಂಚೆ ಅಲ್ಲಿ ನೋಡಲಿ. ಮತ್ತೆ ನಿಮಗೊಂದು ಮಾತು: ಅವರ ಕಂಪ್ಯೂಟರಲ್ಲಿ ನಿಮ್ಮ ಬಿಲ್ಟಿ, ನಿಮ್ಮ ಪಾರ್ಟಿಗಳ ನಂಬರ್ ಇದ್ದವಾ? ಇದ್ದರೆ ಲಾಕ್ ಮಾಡಿದವರ ಹತ್ತಿರವೂ ಈಗ ಇರಬಹುದು. ಇವತ್ತೇ ಒಬ್ಬೊಬ್ಬರಿಗೂ ಫೋನ್ ಮಾಡಿ, ನಮ್ಮ ಖಾತೆ ಬದಲಾಗಿಲ್ಲ, ಯಾರೇ ಹೇಳಿದರೂ ಬೇರೆ ಖಾತೆಗೆ ದುಡ್ಡು ಹಾಕಬೇಡಿ ಅಂತ ತಿಳಿಸಿ.