ಉಣ್ಣೆ ಮೇಲೆ ಪ್ರಿಂಟ್ ಕೂರ್ತಿಲ್ಲ, ಸಾಕಾಗಿದೆ

ತುಮಕೂರು_ಅಚ್ಚು: ಮೂರು ಸಲ ಪ್ರಿಂಟ್ ಮಾಡಿದೆ, ಮೂರೂ ಹಾಳು. ಪೇಸ್ಟ್‌ಗೆ ಹಾಕಿದ್ದು ಆಸಿಡ್ ಡೈ (ಹುಳಿಯಲ್ಲಿ ಉಣ್ಣೆಗೆ ಹಿಡಿಯುವ ಬಣ್ಣ), ಗಟ್ಟಿಯಾಗಲು ಗೌರ್ ಗಮ್ (ಗೋರಿಕಾಯಿ ಬೀಜದ ಅಂಟು), ತೇವ ಹಿಡಿದಿಡಲು ಸ್ವಲ್ಪ ಯೂರಿಯಾ. ಬಣ್ಣ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಗುಂಡಗೆ ನಿಲ್ಲುತ್ತದೆ. ಹಬೆ ಕೊಟ್ಟು ತೊಳೆದರೆ ಅರ್ಧ ಬಣ್ಣ ಚರಂಡಿ ಪಾಲು.

ಕೋಲಾರದ_ರಂಗು: ನೀರು. ಕಣ್ಣು ಮುಚ್ಚಿ ಹೇಳ್ತೀನಿ. ನಮ್ಮ ಬೋರ್ ನೀರಲ್ಲಿ ಬೇಳೆಯೇ ಬೇಯಲ್ಲ, ಬಣ್ಣ ಕೂರುತ್ತಾ?

ತುಮಕೂರು_ಅಚ್ಚು: ಕ್ಯಾನ್ ನೀರಲ್ಲೂ ಮಾಡಿದೆ. ಅದೇ ಕಥೆ.

ಕೋಲಾರದ_ರಂಗು: ಕ್ಯಾನ್ ನೀರು ನಂಬಬೇಡಿ. ಪೇಸ್ಟ್‌ನ ಪಿಎಚ್, ಅಂದ್ರೆ ಹುಳಿಯ ಅಳತೆ, 4–5ರಲ್ಲಿ ಇರಬೇಕು. ಗಡಸು ನೀರು ಹಾಕಿದ ವಿನೆಗರನ್ನೆಲ್ಲ ನುಂಗಿಬಿಡುತ್ತದೆ.

ಚಿಂತಾಮಣಿ_ಮಗ್ಗ: ನೀರು ಬಿಡಿ ಸ್ವಾಮಿ, ಎಳೆ ನೋಡಿ. ಉಣ್ಣೆ ಎಳೆಗೆ ಮೀನಿನ ಹಾಗೆ ಪೊರೆ ಇದೆ, ಅದರ ಮೇಲೆ ತೆಳು ಕೊಬ್ಬು. ಅದೇ ನೀರನ್ನು ತಳ್ಳುವುದು. ಮಿಲ್‌ಗಳಲ್ಲಿ ಕ್ಲೋರಿನ್ ಕೊಟ್ಟು ಅದನ್ನು ಕಳೆಯುತ್ತಾರೆ. ಅದಕ್ಕೇ ಪ್ಲಾಸ್ಮಾ (ವಿದ್ಯುತ್ ಹಾಯಿಸಿದ ಅನಿಲ) ಯಂತ್ರವೂ ಇದೆ.

ಹೊಸಬ_23: ಹಾಗಾದರೆ ಬ್ಲೀಚಿಂಗ್ ಪೌಡರ್ ಹಾಕಿದರೆ ಆಯ್ತಲ್ವಾ?

ಚಿಂತಾಮಣಿ_ಮಗ್ಗ: ಅಯ್ಯೋ ಬೇಡ! ಉಣ್ಣೆ ಹಳದಿ ಆಗುತ್ತೆ, ಜಾಸ್ತಿಯಾದರೆ ಕರಗೇ ಹೋಗುತ್ತೆ. ಅದಕ್ಕೆ ವಿನೆಗರ್ ಬಿದ್ದರಂತೂ ವಿಷದ ಗಾಳಿ.

ಗೌರಿಬಿದನೂರು_ಹಬೆ: ನಾನು 200 ಲೀಟರ್ ಡ್ರಮ್‌ನಲ್ಲೇ ಹಬೆ ಪೆಟ್ಟಿಗೆ ಮಾಡಿಕೊಂಡಿದ್ದೇನೆ. ಮುಚ್ಚಳದ ಕೆಳಗೆ ಗೋಣಿತಾಟು ಕಟ್ಟಿದ್ದೇನೆ, ಒಂದು ಹನಿಯೂ ಬಟ್ಟೆ ಮೇಲೆ ಬೀಳಲ್ಲ. ಫೋಟೋ ಹಾಕ್ಲಾ?

ಕೋಲಾರದ_ರಂಗು: ಡ್ರಮ್‌ಗೆ ಯಾವ ನೀರು?

ಶಿರಾ_ಕುರಿ: ಒಂದ್ನಿಮಿಷ. ಬಟ್ಟೆ ಯಾವುದು?

ತುಮಕೂರು_ಅಚ್ಚು: ಕಂಬಳಿನೇ ಅಲ್ವಾ, ಇನ್ನೇನು. ನಿಮ್ಮ ಶಿರಾ ಕಡೆಯದೇ, ಬಿಳಿ. ಮಗ್ಗದಿಂದ ಇಳಿಸಿದ್ದನ್ನು ನೇರ ತಂದೆ.

ಶಿರಾ_ಕುರಿ: ಮೊದಲೇ ಹೇಳಬಾರದಿತ್ತಾ! ಹಾಸಿನ ನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ನೂಲು) ಹುಣಸೆ ಬೀಜದ ಗಂಜಿ ಬಳಿದಿರುತ್ತಾರೆ. ನೀವು ಗಂಜಿ ಮೇಲೆ ಪ್ರಿಂಟ್ ಮಾಡ್ತಿದ್ದೀರಿ. ಒಂದು ಮೂಲೆ ಒದ್ದೆ ಮಾಡಿ ಬೆರಳಲ್ಲಿ ತಿಕ್ಕಿ. ಲೋಳೆ ಬಂದರೆ ಅದೇ. ರಾತ್ರಿ ನೆನೆಹಾಕಿ, ಬೆಳಿಗ್ಗೆ 50 ಡಿಗ್ರಿ ನೀರಲ್ಲಿ ಮೆದು ಸೋಪು ಹಾಕಿ ಎರಡು ಸಲ ಅದ್ದಿ ತೆಗೆಯಿರಿ. ಇಡೀ ಕಂಬಳಿ ಕುಕ್ಕಿ ಒಗೆದರೆ ಕುಗ್ಗಿ ದಪ್ಪ ಆಗುತ್ತೆ.

ಹೊಸಬ_23: ಗಂಜಿ ತೆಗೆಯೋಕೆ ಅಮೈಲೇಸ್ ಅಂತ ಪಿಷ್ಟ ಒಡೆಯೋ ಕಿಣ್ವ ಸಿಗುತ್ತಲ್ಲ?

ಶಿರಾ_ಕುರಿ: ಅದು ಅಕ್ಕಿ, ಮೈದಾ ಗಂಜಿಗೆ. ಹುಣಸೆ ಬೀಜದ ಅಂಟು ಪಿಷ್ಟ ಅಲ್ಲ.

ಕೋಲಾರದ_ರಂಗು: ತೊಳೆಯೋದಾದರೂ ಮಳೆ ನೀರಲ್ಲಿ ತೊಳೀರಿ.

ತುಮಕೂರು_ಅಚ್ಚು: (ಮೂರು ದಿನ ಬಿಟ್ಟು) ಲೋಳೆ ಅಂದ್ರೆ ಲೋಳೆ, ಬೆಂಡೆಕಾಯಿ ಹೆಚ್ಚಿದ ಹಾಗೆ. ತೊಳೆದ ಮೇಲೆ ಹನಿ ಬಿಟ್ಟು ನೋಡಿದೆ. ಸ್ವಲ್ಪ ಹೊತ್ತು ನಿಂತು ಇಂಗಿತು. ಕಪ್ಪು ಚೆನ್ನಾಗಿ ಕೂತಿದೆ. ಕೆಂಪಿನ ಅಂಚು ಮಾತ್ರ ಇನ್ನೂ ಹರಡುತ್ತಿದೆ.

ಚಿಂತಾಮಣಿ_ಮಗ್ಗ: ಪೊರೆ ಅಂದೆನಲ್ಲ.

ಶಿರಾ_ಕುರಿ: ಪೊರೆ ಅಲ್ಲ, ಪೇಸ್ಟ್ ತೆಳು. ಯೂರಿಯಾನೂ ಕಮ್ಮಿ ಮಾಡಿ.

ತುಮಕೂರು_ಅಚ್ಚು: ನೋಡ್ತೀನಿ. ಗೌರಿಬಿದನೂರಿನವರೇ, ಆ ಡ್ರಮ್ ಫೋಟೋ ಹಾಕಿ. ಗೋಣಿತಾಟು ಎಷ್ಟು ಪದರ ಕಟ್ಟಿದಿರಿ?