ಚಿಗರಿ ಇಳಿದ ಮೇಲೆ ಮನೆ ತನಕ ನಡೆಯುವ ದಾರಿ: ಅರ್ಜಿಯಲ್ಲಿ ಏನು ಕೇಳಬೇಕು?

ನವನಗರದವಳು

ನಮ್ಮತ್ತೆಗೆ ಮೊಣಕಾಲು ನೋವು. ಆದರೂ ಧಾರವಾಡದ ತಂಗಿ ಮನೆಗೆ ಒಬ್ಬರೇ ಹೋಗಿ ಬರುತ್ತಾರೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಬಾಗಿಲೂ ನಿಲ್ದಾಣದ ಕಟ್ಟೆಯೂ ಒಂದೇ ಸಮ ಇರುವುದರಿಂದ ಮೆಟ್ಟಿಲಿನ ಕಾಟ ಇಲ್ಲ. ಕಷ್ಟ ಶುರುವಾಗುವುದು ಇಳಿದ ಮೇಲೆ. ಪಿ.ಬಿ. ರಸ್ತೆ ಬಿಟ್ಟು ಒಳಗೆ ತಿರುಗಿದರೆ ಫುಟ್‌ಪಾತ್ ಅಂದರೆ ಗಟಾರದ ಮೇಲಿನ ಚಪ್ಪಡಿ. ಒಂದು ವಾಲಿದೆ, ಮುಂದಿನದು ಇಲ್ಲವೇ ಇಲ್ಲ. ಪ್ರತಿ ಗೇಟಿನ ಮುಂದೆ ಕಾರು ಏರಿಸಲು ಸಿಮೆಂಟಿನ ಇಳಿಜಾರು. ಮನೆ ಕಟ್ಟುವ ಕಡೆ ಉಸುಕು, ಖಡಿ. ಅತ್ತೆ ಟಿಪ್ಪರ್ ಓಡಾಡುವ ರಸ್ತೆಯಲ್ಲೇ ನಡೆಯುತ್ತಾರೆ. ಮನೆ ಸೇರುವ ತನಕ ನನಗೆ ಜೀವದಲ್ಲಿ ಜೀವ ಇರುವುದಿಲ್ಲ.

ಓಣಿಯವರು ಸೇರಿ ಅರ್ಜಿ ಕೊಡುತ್ತಿದ್ದೇವೆ. "ಫುಟ್‌ಪಾತ್ ಮಾಡಿಕೊಡಿ" ಎಂದು ಬರೆದರೆ ಸಾಕಾ?

ಸಿವಿಲ್ ಕೆಲಸದವ

ಸಾಲದು ಅಕ್ಕಾರ. ಅಷ್ಟೇ ಬರೆದರೆ ಸುಮ್ನೆ ಪೇವರ್ ಜೋಡಿಸಿ ಹೋಗುತ್ತಾರೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಕೆಳಗೆ ಗರಸು ಹಾಕಿ ಚೆನ್ನಾಗಿ ದಮ್ಮಸು ಮಾಡದಿದ್ದರೆ ಪೇವರ್ ಎದ್ದು ಬರುತ್ತವೆ. ಇದನ್ನೇ ಅರ್ಜಿಯಲ್ಲಿ ಬರೆಯಿರಿ. ಗಟಾರದ ಚಪ್ಪಡಿಗೆ ಎತ್ತುವ ಕೊಂಡಿ ಇರಲಿ ಎಂದೂ ಬರೆಯಿರಿ. ಕೊಂಡಿ ಇಲ್ಲದಿದ್ದರೆ ಹೂಳು ತೆಗೆಯುವವರು ಹಾರೆ ಹಾಕಿ ಮೀಟಬೇಕಾಗುತ್ತದೆ, ಚಪ್ಪಡಿ ಒಡೆಯುವುದು ಹಾಗೆಯೇ.

ಅಳತೆ ಕೊಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 103 ಅಂತ ಪಾದಚಾರಿ ಸೌಕರ್ಯದ ಮಾರ್ಗಸೂಚಿ ಇದೆ. ಅದರ 2012ರ ಆವೃತ್ತಿ ಪ್ರಕಾರ ಮನೆಗಳಿರುವ ರಸ್ತೆಯಲ್ಲೂ ಕನಿಷ್ಠ 1.8 ಮೀಟರ್ ಅಗಲ ಬೇಕು. ಕಂಬ, ಗಿಡ, ಟ್ರಾನ್ಸ್‌ಫಾರ್ಮರ್ ಎಲ್ಲ ಬಿಟ್ಟು ಉಳಿಯುವ ಅಗಲ ಅದು. ಎತ್ತರ 15 ಸೆಂ.ಮೀ. ದಾಟಬಾರದು. ನನ್ನ ಕೇಳಿದರೆ ಅಗಲಕ್ಕಿಂತ ಇದೇ ಮುಖ್ಯ. ಎತ್ತರ ಜಾಸ್ತಿಯಾದರೆ ನಿಮ್ಮ ಅತ್ತೆಯವರು ಅದನ್ನು ಹತ್ತುವುದೇ ಇಲ್ಲ.

ಗೇಟಿನ ಮುಂದೆಯೂ ಫುಟ್‌ಪಾತ್ ಸಮ ಹೋಗಬೇಕು. ಏರಿಳಿಯಬೇಕಾದದ್ದು ಕಾರು, ನಡೆಯುವವರಲ್ಲ. ಆ ಇಳಿಜಾರು ಕಟ್ಟಿಕೊಂಡವರು ನಮ್ಮ ಓಣಿಯವರೇ ಅಲ್ವಾ? ಅರ್ಜಿಗೆ ಮೊದಲು ಅವರ ಹತ್ತಿರ ಮಾತಾಡಿ.

ಅಮರಗೋಳ

ಫುಟ್‌ಪಾತ್ ಮೇಲಿನ ತರಕಾರಿ ಗಾಡಿಗಳನ್ನು ಎತ್ತಿಸಿ ಎಂದೂ ಸೇರಿಸಿ.

ಗಾಡಿಯವರ ಮಗಳು

ದಯವಿಟ್ಟು ಹಾಗೆ ಬರೆಯಬೇಡಿ ಅಣ್ಣಾ. ನಮ್ಮವ್ವ ಅದೇ ಗಾಡಿಯಿಂದ ನಮ್ಮನ್ನು ಓದಿಸಿದ್ದಾಳೆ. ಗಾಡಿ ಇರುವ ಕಡೆ ಸಂಜೆ ದೀಪ ಇರುತ್ತದೆ, ನಾಲ್ಕು ಜನ ಇರುತ್ತಾರೆ. ಹೆಣ್ಣುಮಕ್ಕಳು ಆ ಬದಿಯಲ್ಲೇ ಧೈರ್ಯವಾಗಿ ನಡೆಯುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಅಂತ ಒಂದಿದೆ. ಅದರಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು. ಆ ಸಮಿತಿಯ ಮೂಲಕ ಗಾಡಿಗೆ ಜಾಗ ಗುರುತು ಮಾಡಿ ಎಂದು ಕೇಳಿ. ನಡೆಯುವ ಜಾಗ ಬಿಟ್ಟು ಗಾಡಿ ನಿಲ್ಲಿಸಲು ನಮ್ಮವ್ವನ ಅಡ್ಡಿಯಿಲ್ಲ. ಅಲ್ಲೇ ನಿಂತ ಕಾರುಗಳನ್ನೂ ಅರ್ಜಿಯಲ್ಲಿ ಹೇಳಿ.

ನವನಗರದವಳು

ತಂಗಿ, ನಿನ್ನ ಮಾತು ಸರಿ. ಗಾಡಿ ಎತ್ತಿಸಿ ಎಂದು ಬರೆಯುವುದಿಲ್ಲ, ಜಾಗ ಕೊಡಿ ಎಂದು ಬರೆಯುತ್ತೇವೆ. ಸರ್, ಅಳತೆಗಳನ್ನು ಹಾಗೇ ಹಾಕುತ್ತೇನೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಎಂದಿದೆ, ಅದನ್ನು ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಇಡೀ ನವನಗರ ಕೇಳುವುದಿಲ್ಲ, ನಿಲ್ದಾಣದಿಂದ ನಮ್ಮ ಓಣಿ ತನಕ ಒಂದೇ ರಸ್ತೆ. ಭಾನುವಾರ ಬೆಳಿಗ್ಗೆ ಟೇಪು ಹಿಡಿದು ಅಳೆಯುತ್ತೇವೆ. ಗೇಟಿನ ಇಳಿಜಾರು ಒಡೆಯುವ ಮಾತನ್ನು ನಮ್ಮ ಮನೆಯಿಂದಲೇ ಶುರು ಮಾಡುತ್ತೇವೆ, ಮನೆಯವರು ಒಪ್ಪಿದ್ದಾರೆ. ಹತ್ತಿರ ಇರುವವರು ಬನ್ನಿ.